ತೆಂಗಿನಕಾಯಿ ಬಿಟ್ಟುಕೊಟ್ಟವನು

ಮಾಯಿಲಪ್ಪನಿಗೆ ಸಿಟ್ಟು ಬಂದರೆ ಮಾತು ನಿಂತುಹೋಗುತ್ತಿತ್ತು. ಬೈಯುತ್ತಿರಲಿಲ್ಲ, ತಟ್ಟೆ ದೂಡುತ್ತಿರಲಿಲ್ಲ, ಬಾಗಿಲು ಬಡಿಯುತ್ತಿರಲಿಲ್ಲ. ದವಡೆ ಮಾತ್ರ ಏನನ್ನೋ ಜಗಿಯುವಂತೆ ಒಳಗೊಳಗೇ ಆಡುತ್ತಿತ್ತು. “ಬೇರೆ ಮನೆ ಗಂಡಸ್ರು ಬಾಯಿ ತುಂಬ ಬೈದು ಮುಗಿಸ್ತಾರೆ, ನಿಮ್ದು ಮುಗಿಯದೇ ಇಲ್ಲೆ” ಎಂದು ಹೆಂಡತಿ ಕಮಲ ಹೇಳುತ್ತಿದ್ದಳು. ಆ ವರ್ಷ, ಕಾಫಿಯನ್ನು ಅರಳಿಸುವ ಹೂಮಳೆ ಬಿದ್ದ ಮೇಲಿನ ದಿನಗಳಲ್ಲಿ, ಅವನ ಸಿಟ್ಟಿಗೆ ಸರಿಯಾದ ಕಾರಣವೇ ಇತ್ತು.

ಮೂರ್ನಾಡಿನಾಚೆಯ ಆ ಕಾಫಿ ಎಸ್ಟೇಟಿನಲ್ಲಿ ಅವನು ಲೆಕ್ಕಪತ್ರ ಬರೆಯುವ ರೈಟರ್. ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದವನು ನೀಲಗಿರಿಯಲ್ಲಿ ಬೇರೆ ಕೆಲಸ ಹಿಡಿದು ಹೋದ ಮೇಲೆ ಅವನ ಕೆಲಸವೂ ಇವನ ತಲೆಗೇ ಬಿದ್ದಿತ್ತು. ಬೆಳಿಗ್ಗೆ ಆಳುಗಳನ್ನು ಹಂಚುವುದು, ನೆರಳುಮರಗಳ ಕೊಂಬೆ ಸವರುವ ಮರಗಸಿ ಮಾಡಿಸುವುದು, ಸುಣ್ಣ–ಮೈಲುತುತ್ತ ಕಲಸಿ ಸ್ಪ್ರೇ ಹೊಡೆಸುವುದು, ಆಳುಗಳ ಲೈನುಮನೆಗಳಲ್ಲಿ ಜಗಳವಾದರೆ ಹೋಗಿ ನಿಲ್ಲುವುದು, ಇದೆಲ್ಲ ಮುಗಿಸಿ ಬಂದು ತನ್ನ ರೈಟರ್ ಕೆಲಸ. ಅಸಿಸ್ಟೆಂಟರ ಬಂಗಲೆಗೆ ಮಾತ್ರ ಬೀಗ. ಅದರ ಬೀಗದ ಕೈಯೂ ಮಾಯಿಲಪ್ಪನ ಸೊಂಟದಲ್ಲೇ ಇತ್ತು. ವಾರಕ್ಕೊಮ್ಮೆ ಬಾಗಿಲು ತೆರೆದು ಗಾಳಿಯಾಡಿಸಬೇಕಲ್ಲ.

ಒಂದು ದಿನ ಸಸಿಮಡಿಯ ಹತ್ತಿರ ಅವನು ಮ್ಯಾನೇಜರ್ ಬೊಳ್ಳಪ್ಪನವರನ್ನು ಕೇಳಿಯೇಬಿಟ್ಟ. “ಸಾರ್, ಆ ಜಾಗಕ್ಕೆ ನನ್ನ ಹೆಸರು ಹೇಳಬಹುದಲ್ವಾ?”

ಬೊಳ್ಳಪ್ಪ ಕೆಟ್ಟವರಲ್ಲ. ಸಸಿಯ ಎಲೆ ತಿರುವಿ ನೋಡುತ್ತಲೇ ಹೇಳಿದರು. “ನೀನು ಕೆಲಸ ಮಾಡ್ತೀಯ, ಅದರಲ್ಲಿ ಮಾತಿಲ್ಲ ಮಾರಾಯ. ಆದ್ರೆ ಅಸಿಸ್ಟೆಂಟ್ ಅಂದ್ರೆ ಬರೀ ಕೆಲಸ ಅಲ್ಲ. ಸಂಜೆ ಕ್ಲಬ್ಬಿಗೆ ಬರಬೇಕು, ನಾಲ್ಕು ಜನರ ನಡುವೆ ನಿಲ್ಲಬೇಕು. ಮದರಾಸಿನ ಕಂಪನಿಯವರು ಮೊದಲು ಕೇಳೋದೇ ಹುಡುಗ ಏನು ಆಡ್ತಾನೆ ಅಂತ.”

“ಹಾಕಿ ಆಡ್ತೇನೆ ಸಾರ್.”

“ಹಾಕಿಯಾ!” ಬೊಳ್ಳಪ್ಪ ನಕ್ಕರು. “ಕೊಡಗಿನಲ್ಲಿ ಹಾಕಿ ಆಡದವರು ಯಾರಿದ್ದಾರೆ? ಲೈನಿನ ಮಕ್ಕಳೂ ಕಾಫಿ ಕೋಲು ಹಿಡ್ಕೊಂಡು ಆಡ್ತಾವೆ. ಕ್ಲಬ್ಬಿನ ಆಟ ರಗ್ಬಿ. ಅದು ಆಡ್ತೀಯಾ?”

ಆ ನಗುವಿನಲ್ಲಿ ವಿಷವಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಮಾಯಿಲಪ್ಪ ಆ ದಿನ ಮನೆಗೆ ಬಂದವನು ಮಾತಾಡಲಿಲ್ಲ.

*

ಆ ಆಟ ಬಲ್ಲವನೊಬ್ಬ ಎಸ್ಟೇಟಿನಲ್ಲೇ ಇದ್ದ. ಹೆಸರು ವಾರನ್. ಅಮೆರಿಕಾದ ಸರ್ಕಾರ ಊರೂರಿಗೆ ಕಳಿಸಿದ್ದ ಸ್ವಯಂಸೇವಕರಲ್ಲಿ ಒಬ್ಬ. ಮಡಿಕೇರಿಯ ಕಚೇರಿಯವರು ಅವನನ್ನು ರೈತರಿಗೆ ಕೋಳಿ ಸಾಕಣೆ ಕಲಿಸಲು ಮೂರ್ನಾಡಿನ ಕಡೆಗೆ ಹಾಕಿದ್ದರು. ಉಳಿಯಲು ಜಾಗವಿಲ್ಲದೆ, ಬೊಳ್ಳಪ್ಪನವರ ದಯದಿಂದ, ಎಸ್ಟೇಟಿನ ಹಳೆಯ ಸ್ಟೋರ್ ಕೋಣೆಯಲ್ಲಿ ಮಂಚ ಹಾಕಿಕೊಂಡಿದ್ದ. ಊರವರಿಗೆ ಅವನು ‘ಕೋಳಿ ದೊರೆ’. ಬರುವ ಮುಂಚೆ ಯಾವುದೋ ಶಿಬಿರದಲ್ಲಿ ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತಿದ್ದ. ಹಟ್ಟಿಯ ಮುಂದೆ ನಿಂತು “ತಾಯಿ, ತಾವು ಕುಕ್ಕುಟಗಳಿಗೆ ಶುದ್ಧವಾದ ಜಲವನ್ನು ನೀಡಿರುವಿರಾ?” ಎಂದು ಕೇಳಿದರೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡುತ್ತಿದ್ದರು.

ವಾರನ್ ಮಾಯಿಲಪ್ಪನನ್ನು ಮೊದಲು ಗಮನಿಸಿದ್ದು ಹಿಂದಿನ ವರ್ಷದ ಕೈಲು ಮುಹೂರ್ತದ ದಿನ. ನಾಟಿ ಮುಗಿದ ಮೇಲೆ ಕೋವಿ–ಕತ್ತಿಗಳನ್ನು ತೊಳೆದು, ತೋಕೆ ಹೂ ಸಿಕ್ಕಿಸಿ ಪೂಜೆ ಮಾಡಿ, ಹಂದಿ ಸಾರು–ಕಡಂಬಿಟ್ಟು ಉಂಡು ಊರವರೆಲ್ಲ ಮಂದಿನಲ್ಲಿ, ಅಂದರೆ ಊರ ಆಟದ ಬಯಲಿನಲ್ಲಿ, ಸೇರುತ್ತಾರೆ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದಾದ ಮೇಲೆ ಕಾಯಿ ಕೀಳುವ ಆಟ. ಊರ ಹಿರಿಯ ಸಿಪ್ಪೆ ಸುಲಿಯದ ಒಂದು ಕಾಯಿಯನ್ನು ಗಂಡಸರ ನಡುವೆ ಎಸೆಯುತ್ತಾನೆ. ಹಿಡಿದವನು ಅದನ್ನು ಹೊಟ್ಟೆಗೆ ಅವುಚಿಕೊಂಡು ಹೊರಗೆ ಬರಬೇಕು. ಉಳಿದವರೆಲ್ಲ ಅವನ ಮೇಲೆ ಬೀಳುತ್ತಾರೆ. ಗುದ್ದುವಂತಿಲ್ಲ, ಕಚ್ಚುವಂತಿಲ್ಲ. ಎಳೆಯಬಹುದು, ತಿರುಚಬಹುದು, ಒತ್ತಬಹುದು. ಗೆದ್ದವನು ಕಾಯಿ ಒಡೆದು ಮೊದಲ ಹೋಳನ್ನು ಕೊನೆಯವರೆಗೂ ತನ್ನೊಡನೆ ಹೆಣಗಿ ಸೋತವನ ಕೈಗೆ ಕೊಡಬೇಕು. ಅಲ್ಲಿಗೆ ಆಟದಲ್ಲಾದ ನೋವು, ಸಿಟ್ಟು ಎಲ್ಲ ಮುಗಿದಂತೆ.

ಸೋತರೆ ಅವಮಾನವಿಲ್ಲ. ಬೆರಳು ಬಿಡಿಸಿ ಕಿತ್ತುಕೊಂಡರೆ ಅದು ಅವರ ಬಲ. ಆದರೆ ನೋವು ತಾಳದೆ ತಾನಾಗಿ ಕೈ ಸಡಿಲಿಸಿದವನಿಗೆ ಊರಿನಲ್ಲಿ ಒಂದು ಹೆಸರಿತ್ತು: ಬಿಟ್ಟುಕೊಟ್ಟವನು. ಮಾಯಿಲಪ್ಪನ ತಂದೆಯ ಬಲಗೈಯ ಎರಡು ಬೆರಳುಗಳು ಸಾಯುವವರೆಗೂ ಸೊಟ್ಟಗೆ ಇದ್ದವು. ಕಾಯಿಯ ಆಟದಲ್ಲಿ ಮುರಿದದ್ದು. ಆ ಬೆರಳುಗಳಲ್ಲೇ ಅವರು ಮಗನ ತಲೆ ಸವರುತ್ತಿದ್ದರು.

ಆ ದಿನ ಐದಾರು ಮಂದಿ ಮೈಮೇಲೆ ಬಿದ್ದರೂ ಮಾಯಿಲಪ್ಪ ಕಾಯಿ ಬಿಡದೆ ಕೆಸರಲ್ಲಿ ತೆವಳಿಕೊಂಡು ಹೊರಗೆ ಬಂದದ್ದನ್ನು ವಾರನ್ ಬಾಯಿ ತೆರೆದು ನೋಡಿದ್ದ. “ಇದು ನನ್ನ ಕ್ರೀಡೆ!” ಎಂದು ಕಿರುಚಿದ್ದ. ಯಾರಿಗೂ ಅರ್ಥವಾಗಿರಲಿಲ್ಲ.

ಈಗ ಕ್ಲಬ್ಬಿನ ರಗ್ಬಿ ತಂಡಕ್ಕೆ ಅವನೇ ಗುರು. ಮಳೆಗಾಲದ ಕೊನೆಯಲ್ಲಿ ಘಟ್ಟದಾಚೆಯ ಪ್ಲಾಂಟರುಗಳ ಜೊತೆ ವರ್ಷವೂ ನಡೆಯುವ ಪಂದ್ಯವಿತ್ತು. ಅಂಚಿನಲ್ಲಿ ಓಡುವ ವಿಂಗ್ ಆಟಗಾರ ಕಾಲು ಉಳುಕಿಸಿಕೊಂಡಿದ್ದ. ವಾರನ್ ಕೋಳಿಮೊಟ್ಟೆಯನ್ನು ಎರಡೂ ಕಡೆ ಎಳೆದಂತಿದ್ದ ಒಂದು ಚೆಂಡು ಹಿಡಿದುಕೊಂಡು ರೈಟರ ಮನೆಯ ಅಂಗಳಕ್ಕೆ ಬಂದ.

“ಮಾಯಿಲಪ್ಪನವರೇ, ತಾವು ನನ್ನ ತಂಡದಲ್ಲಿ ಆಡಬೇಕು. ಬೊಳ್ಳಪ್ಪನವರು ಸಮ್ಮತಿಸಿದ್ದಾರೆ.”

ಮಾಯಿಲಪ್ಪನ ದವಡೆ ಆಡುವುದು ನಿಂತಿತು. “ಸಾಹೇಬ್ರು ಏನಂದ್ರು?”

“ಆಡಲಿ, ನೋಡೋಣ ಎಂದರು.”

‘ನೋಡೋಣ.’ ಆ ಒಂದು ಮಾತಿಗೆ ಮಾಯಿಲಪ್ಪ ಜೋತುಬಿದ್ದ.

*

ಕಾಫಿ ಒಣಗಿಸುವ ಕಣ ಮಳೆಗಾಲದಲ್ಲಿ ಖಾಲಿ. ಸಂಜೆ ಕೆಲಸ ಮುಗಿದ ಮೇಲೆ ಅದರ ಪಕ್ಕದ ಹುಲ್ಲಿನಲ್ಲಿ ಕಲಿಕೆ. ಓಡುವುದು, ಹಿಂದಕ್ಕೆ ಎಸೆಯುವುದು, ಓಡುವವನ ತೊಡೆಗೆ ಭುಜ ಕೊಟ್ಟು ಕೆಡವುವುದು, ಎಲ್ಲ ಬೇಗ ಬಂತು. ಒಂದೇ ಒಂದು ಬರಲಿಲ್ಲ.

“ಬಿದ್ದ ಕೂಡಲೇ ಚೆಂಡನ್ನು ತ್ಯಜಿಸಬೇಕು” ಎಂದು ವಾರನ್ ಹೇಳುತ್ತಿದ್ದ.

“ಎಂತಕೆ?”

“ಅದು ನಿಯಮ. ನೆಲಕ್ಕೆ ಬಿದ್ದವನಿಗೆ ಚೆಂಡಿನ ಮೇಲೆ ಹಕ್ಕಿಲ್ಲ.”

“ಬಿದ್ದವನಿಗೇ ಅಲ್ವಾ ಗಟ್ಟಿಯಾಗಿ ಹಿಡ್ಕೊಳ್ಳಬೇಕಾದ್ದು?”

ವಾರನ್ ನಗುತ್ತಿದ್ದ. ಮತ್ತೆ ಕೆಡವುತ್ತಿದ್ದ, ಮತ್ತೆ “ತ್ಯಜಿಸಿ! ತ್ಯಜಿಸಿ!” ಎಂದು ಕೂಗುತ್ತಿದ್ದ. ಬರಬರುತ್ತಾ ಆ ಪದ ಕಷ್ಟವಾಗಿ “ಬಿಡಿ! ಬಿಡಿ!” ಆಯಿತು. ಮಾಯಿಲಪ್ಪ ಹಲ್ಲು ಕಚ್ಚಿ ಬಿಡುವುದನ್ನು ಕಲಿತ. ಮನೆಗೆ ಕೆಸರು ಮೆತ್ತಿಕೊಂಡು ಬಂದವನನ್ನು ನೋಡಿ ಕಮಲ, “ಎಸ್ಟೇಟಿನವು ನಿಮ್ಮನ್ನ ಬರೆಯಕ್ಕೆ ಇಟ್ಟುಕೊಂಡದಾ, ಬೀಳಕ್ಕೆ ಇಟ್ಟುಕೊಂಡದಾ?” ಎಂದಳು.

“ಬಂಗಲೆಗೆ ಹೋದ ಮೇಲೆ ಕೇಳು.”

“ಬಂಗಲೆಯಾ? ಕಿಟಕಿ ತೆರೆದು ಜೇಡನ ಗೂಡು ಹೊಡೆಯಕ್ಕೆ ಹೋಗ್ತೀರಲ್ಲ, ಅದೇ ನಮ್ಗೆ ಬಂಗಲೆ.” ಬಿಸಿನೀರು ಮಾತ್ರ ಕಾಯಿಸಿಟ್ಟಿದ್ದಳು.

ಕಲಿಕೆ ಮುಗಿದ ಮೇಲೆ ಇಬ್ಬರೂ ಕಣದ ಕಟ್ಟೆಯ ಮೇಲೆ ಕೂರುತ್ತಿದ್ದರು. ವಾರನ್ ತನ್ನ ಕಥೆ ಹೇಳಿದ್ದು ಅಲ್ಲೇ, ತುಂಡುತುಂಡಾಗಿ. ಅವನಪ್ಪ ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳ ನಡುವಿನ ಒಂದು ಊರಿನಲ್ಲಿ ಲಾರಿ ಡ್ರೈವರ್. ಅಮೆರಿಕಾದ ಹುಡುಗರೆಲ್ಲ ಆಡುವ ಫುಟ್‌ಬಾಲಿಗೆ ಇವನ ಮೈ ಸಾಲದೆಂದು ಕೈಬಿಟ್ಟರಂತೆ. ಆ ದೇಶದಲ್ಲಿ ರಗ್ಬಿ ಯಾರಿಗೂ ಬೇಡದ ಆಟ. ಬೇಡದವರೆಲ್ಲ ಸೇರಿ ಆಡುತ್ತಿದ್ದರು, ನೋಡಲು ಆಟಗಾರರ ತಾಯಂದಿರು, ನಾಯಿಗಳು. ಆದರೂ ವಿಶ್ವವಿದ್ಯಾಲಯದ ತಂಡಕ್ಕೆ ಬಂದ. ಅಲ್ಲಿಂದ ಆಯ್ಕೆಯಾಗಿ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದ. ಪಂದ್ಯ ನೋಡಿದ್ದ ಯಾರೋ ಒಬ್ಬ ದೊಡ್ಡ ಮನುಷ್ಯ ಕರೆದು ಹಡಗು ಕಂಪನಿಯಲ್ಲಿ ಮೇಜು ಕುರ್ಚಿ ಕೊಟ್ಟ.

“ಒಂದು ಚೆಂಡು ನನಗೆ ಎಲ್ಲ ಬಾಗಿಲುಗಳನ್ನು ತೆರೆಯಿತು. ಲಾರಿ ಚಾಲಕನ ಮಗನೆಂದು ಯಾರೂ ಕೇಳಲಿಲ್ಲ. ತಮಗೂ ಹಾಗೆಯೇ ಆಗುವುದು.”

“ಮತ್ತೆ ಆಟ ಎಂತಕೆ ಬಿಟ್ರಿ?”

ವಾರನ್ ಅಂಗಿಯ ಕೊರಳು ಸರಿಸಿ ಎಡ ಭುಜ ತೋರಿಸಿದ. ಮೂಳೆಯ ಮೇಲೆ ಉದ್ದನೆಯ ಗಾಯದ ಗುರುತು. ಆಸ್ಟ್ರೇಲಿಯಾದ ಆ ಪ್ರವಾಸದಲ್ಲೇ, ಬಿದ್ದ ಮೇಲೂ ಚೆಂಡು ಬಿಡದೆ ಹಿಡಿದುಕೊಂಡಿದ್ದಾಗ ಮೂವರು ಮೇಲೆ ಬಿದ್ದು ತೋಳು ಕೀಲಿನಿಂದ ಕಳಚಿತ್ತು. ಆಮೇಲೆ ಎರಡು ಸಲ ಹಾಗೇ ಆಯಿತು. ಇನ್ನೊಮ್ಮೆಯಾದರೆ ಕೈ ಎತ್ತುವುದೇ ಕಷ್ಟವೆಂದು ಡಾಕ್ಟರು ಹೇಳಿದ್ದರು. “ಕೈಯನ್ನು ಹಿಂದಕ್ಕೆ ಎಳೆದು ಮೇಲಕ್ಕೆ ತಿರುಚಿದರೆ ಸಾಕು” ಎಂದು ಅವನೇ ತೋರಿಸಿಕೊಟ್ಟ. “ಈ ವಿಷಯ ಕ್ಲಬ್ಬಿನಲ್ಲಿ ಯಾರಿಗೂ ತಿಳಿಯದು. ತಾವು ನನ್ನ ಮಿತ್ರರು.”

ಮಾಯಿಲಪ್ಪನಿಗೆ ಆ ಗುರುತು ನೋಡುತ್ತಾ ಅಪ್ಪನ ಬೆರಳು ನೆನಪಾಯಿತು. ಆ ಮನುಷ್ಯನ ಮೇಲೆ ಅವನಿಗೆ ಪೂರ್ತಿ ನಂಬಿಕೆ ಬಂದದ್ದು ಆ ಸಂಜೆ.

*

ಪಂದ್ಯದ ದಿನ ಕ್ಲಬ್ಬಿನ ಬಟ್ಟೆ ಬದಲಿಸುವ ಕೋಣೆಗೆ ಮೆಂಬರುಗಳಿಗೆ ಮಾತ್ರ ಪ್ರವೇಶ. ಮಾಯಿಲಪ್ಪ ಹುಲ್ಲು ಕತ್ತರಿಸುವ ಯಂತ್ರ ಇಡುವ ಶೆಡ್ಡಿನಲ್ಲಿ ಅಂಗಿ ಬದಲಿಸಿದ. ಬೂಟು ವಾರನ್ನನದು. ತುದಿಯಲ್ಲಿ ಬಟ್ಟೆ ತುರುಕಿದ್ದರೂ ಒಂದಿಷ್ಟು ದೊಡ್ಡದು. ಕ್ಲಬ್ಬಿನ ಬೇರರ್ ಗಂಗಣ್ಣ ಶೆಡ್ಡಿನ ಬಾಗಿಲಲ್ಲಿ ಇಣುಕಿ, “ಏನ್ ರೈಟರೇ, ಗೆದ್ರೆ ಒಳಗಡೆಯಿಂದ ಕರೀತಾರಾ, ಇಲ್ಲಾ ನಮ್ ಅಡುಗೆಮನೆ ಬಾಗಿಲಿಗೇ ಬರ್ತೀರಾ? ಯಾವ ಕಡೆ ಪ್ಲೇಟ್ ಇಡ್ಲಿ ಹೇಳಿ” ಎಂದ. ಹಾಸನದ ಕಡೆಯ ಅವನ ನಾಲಿಗೆಗೆ ಮೆಂಬರು, ಕೆಲಸದವ ಎಂಬ ಭೇದವಿರಲಿಲ್ಲ. ಮಾಯಿಲಪ್ಪ ನಕ್ಕ. ಅವತ್ತು ನಗಬಲ್ಲವನಾಗಿದ್ದ.

ಮೈದಾನದಲ್ಲಿ ಅವನ ಹಿಂದೆ, ಕೊನೆಯ ಕಾವಲಿಗೆ, ಮದರಾಸಿನಿಂದ ಬಂದಿದ್ದ ಹೊಸ ಹುಡುಗನೊಬ್ಬ ನಿಂತಿದ್ದ. ಬೊಳ್ಳಪ್ಪನವರ ಅತಿಥಿಯಂತೆ. ಒಳ್ಳೆಯ ಬೂಟು, ಒಳ್ಳೆಯ ಮೈಬಣ್ಣ, ಒಳ್ಳೆಯ ನಗು. ಕೈ ಮಾತ್ರ ಸೋರುವ ಕೈ. ಎತ್ತರದಿಂದ ಬಂದ ಚೆಂಡನ್ನು ಒಮ್ಮೆ ಬಿಟ್ಟ, ಮತ್ತೊಮ್ಮೆ ಬಿಟ್ಟ. ಅದರಿಂದಲೇ ಎದುರಾಳಿಗಳಿಗೆ ಅಂಕ ಬಂತು. ಪ್ರತಿ ಸಲವೂ ಅಂಚಿನಲ್ಲಿ ಕುರ್ಚಿ ಹಾಕಿ ಕೂತವರು “ಬ್ಯಾಡ್ ಲಕ್!” ಎಂದು ಪ್ರೀತಿಯಿಂದ ಕೂಗಿದರು.

ಕೊನೆಗೆ ಸೋಲು–ಗೆಲುವಿನ ನಡುವೆ ಉಳಿದದ್ದು ಒಂದೇ ಓಟ. ಚೆಂಡು ಮಾಯಿಲಪ್ಪನ ಕೈಗೆ ಬಂತು. ಒಬ್ಬನನ್ನು ತಪ್ಪಿಸಿದ. ಇನ್ನೊಬ್ಬನ ಕೈ ಅಂಗಿ ಹಿಡಿಯಿತು, ಅಂಗಿ ಹರಿಯಿತು, ಅವನು ಓಡಿದ. ದಾಟಬೇಕಾದ ಗೆರೆ ಕಾಣುತ್ತಿತ್ತು. ಕುರ್ಚಿಗಳಿಂದ ಜನ ಎದ್ದು ನಿಂತದ್ದೂ ಕಾಣುತ್ತಿತ್ತು. ಬೊಳ್ಳಪ್ಪನವರು ಟೊಪ್ಪಿ ತೆಗೆದು ಬೀಸುತ್ತಿದ್ದರು. ಆಗ ಅಡ್ಡದಿಂದ ಬಂದ ಭುಜವೊಂದು ತೊಡೆಗೆ ಬಡಿಯಿತು. ಗೆರೆಗೆ ಎರಡು ಮಾರು ಹಿಂದೆ ಬಿದ್ದ. ಬಿದ್ದವನ ಮೇಲೆ ಇನ್ನೊಬ್ಬ ಬಿದ್ದ, ಮತ್ತೊಬ್ಬ ಬಿದ್ದ. ಮುಖ ಕೆಸರಿನಲ್ಲಿ ಹೂತಿತು. ಮೈಮೇಲೆ ಗಂಡಸರ ಭಾರ, ಕಿವಿಯ ಬಳಿ ಉಸಿರು, ಎದೆಯ ಹತ್ತಿರ ಎಳೆಯುವ ಕೈಗಳು.

“ಬಿಡಿ! ಬಿಡಿ!” ವಾರನ್ನನ ದನಿ ಎಲ್ಲಿಂದಲೋ ಕೇಳುತ್ತಿತ್ತು. ಬಿಟ್ಟಿದ್ದರೆ ಹಿಂದೆಯೇ ಓಡಿಬರುತ್ತಿದ್ದ ಇಬ್ಬರು ಎತ್ತಿಕೊಂಡು ಗೆರೆ ದಾಟುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ತಲೆಗೆ ಗೊತ್ತಿತ್ತು. ಕೈ ಕೇಳಲಿಲ್ಲ. ಮಂಡಿ ಮಡಚಿ, ಗಲ್ಲ ಎದೆಗೊತ್ತಿ, ಅಪ್ಪ ಕಲಿಸಿದಂತೆ ಚೆಂಡನ್ನು ಹೊಟ್ಟೆಯೊಳಗೆ ಸೇರಿಸಿಕೊಂಡುಬಿಟ್ಟ. ಎಳೆದಷ್ಟೂ ಬಿಗಿಯಾದ. ಸೀಟಿ ಊದಿದ್ದೂ ಕೇಳಿಸಲಿಲ್ಲ. ಒಬ್ಬೊಬ್ಬರಾಗಿ ಮೇಲಿನಿಂದ ಎದ್ದು ಹೋದ ಮೇಲೂ ಅವನು ಹಾಗೇ ಮುದುಡಿಕೊಂಡು ಬಿದ್ದಿದ್ದ.

ಬಿದ್ದ ಮೇಲೂ ಚೆಂಡು ಬಿಡದ್ದಕ್ಕೆ ಪೆನಾಲ್ಟಿ ಒದೆತ ಎದುರಾಳಿಗಳಿಗೆ ಸಿಕ್ಕಿತು. ಅವರು ಚೆಂಡನ್ನು ದೂರಕ್ಕೆ ಒದ್ದರು. ಆಟ ಮುಗಿಯಿತು.

ಎದ್ದು ಕೂತಾಗ ಸುತ್ತಲೂ ನಗು. “ಎಂತ ಮಾರಾಯ,” ಬೊಳ್ಳಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು, “ಕೈಲು ಮುಹೂರ್ತ ಮುಂದಿನ ವಾರ ಅಲ್ವಾ!”

ಅವನು ಶೆಡ್ಡಿನಲ್ಲಿ ಬಟ್ಟೆ ಬದಲಿಸಿ, ಬೂಟು ತೊಳೆದು, ಅದನ್ನು ವಾರನ್ನನಿಗೆ ಕೊಡಲೆಂದು ಕ್ಲಬ್ಬಿನ ಜಗಲಿಗೆ ಹೋದ. ಮೆಟ್ಟಿಲ ಕೆಳಗೇ ನಿಂತ. ಕಿಟಕಿ ತೆರೆದಿತ್ತು. ಒಳಗೆ ವಾರನ್ ಗ್ಲಾಸು ಹಿಡಿದು ಇಂಗ್ಲಿಷಿನಲ್ಲಿ ಕಥೆ ಹೇಳುತ್ತಿದ್ದ. ಮಾಯಿಲಪ್ಪನ ಇಂಗ್ಲಿಷು ಎಸ್ಟೇಟಿನ ಇಂಗ್ಲಿಷಾದರೂ ತೆಂಗಿನಕಾಯಿ ಎಂಬ ಪದ ತಿಳಿಯದಷ್ಟಲ್ಲ. ಮಂದು, ಮುದುಕರು, ಕಾಯಿ ಅವುಚಿಕೊಂಡು ಕೆಸರಲ್ಲಿ ತೆವಳುವ ಗಂಡಸರು. ವಾರನ್ ಕುರ್ಚಿಯ ದಿಂಬೊಂದನ್ನು ಹೊಟ್ಟೆಗೆ ಅವುಚಿ, ಕಣ್ಣು ಮುಚ್ಚಿ, ನೆಲದ ಮೇಲೆ ಮುದುಡಿ ತೋರಿಸಿದ. ಇಡೀ ಕೋಣೆ ಬಿದ್ದುಬಿದ್ದು ನಕ್ಕಿತು.

ಆಮೇಲೆ ಬೊಳ್ಳಪ್ಪನವರ ದನಿ. ಎಲ್ಲರೂ ಗ್ಲಾಸು ಎತ್ತಬೇಕು, ತಮ್ಮ ಎಸ್ಟೇಟಿನ ಹೊಸ ಅಸಿಸ್ಟೆಂಟನ ಆರೋಗ್ಯಕ್ಕೆ. ಮದರಾಸಿನ ಹುಡುಗ, ಎರಡು ಸಲ ಚೆಂಡು ಬಿಟ್ಟವನು, ನಾಚಿಕೊಂಡು ನಗುತ್ತಾ ಎದ್ದು ನಿಂತ.

ಮಾಯಿಲಪ್ಪ ಬೂಟುಗಳನ್ನು ಮೆಟ್ಟಿಲ ಮೇಲೆ ಜೋಡಿಸಿ ಇಟ್ಟ. ಮನೆಯವರೆಗೂ ನಡೆದ. ಕಮಲ ಬಾಗಿಲಲ್ಲೇ ಅವನ ಮುಖ ನೋಡಿ ನೀರು ಕಾಯಿಸಲು ಒಳಗೆ ಹೋದಳು.

*

ಕೈಲು ಮುಹೂರ್ತದ ದಿನ ಪೂಜೆ ಮುಗಿದು, ಅವನು ಅಂಗಳದಲ್ಲಿ ಮಂದಿಗೆ ಒಯ್ಯುವ ಅಪ್ಪನ ಕೋವಿಗೆ ಹೊಸದಾಗಿ ಹೂ ಸಿಕ್ಕಿಸುತ್ತಿದ್ದಾಗ ವಾರನ್ ಬಂದ. ಬಿಳಿ ಅಂಗಿ, ಒದ್ದೆ ಬಾಚಿದ ಕೂದಲು. ಇಷ್ಟು ದಿನ ಅವನು ಎದುರಾದಾಗಲೆಲ್ಲ ಮಾಯಿಲಪ್ಪ ದಾರಿ ಬದಲಿಸಿದ್ದ.

“ತಾವು ನನ್ನೊಡನೆ ಮಾತನಾಡುತ್ತಿಲ್ಲ.”

ಮಾಯಿಲಪ್ಪ ಹೂವಿನ ತೊಟ್ಟು ಮುರಿದ.

“ಕ್ಲಬ್ಬಿನಲ್ಲಿ ನಾನು ಆ ಕಥೆಯನ್ನು ಹೇಳಬಾರದಿತ್ತು. ಗಂಗಣ್ಣ ತಿಳಿಸಿದ, ತಾವು ಕಿಟಕಿಯ ಬಳಿ ಇದ್ದಿರೆಂದು.”

ಇನ್ನೊಂದು ಹೂ.

ವಾರನ್ ಒಂದು ಹೆಜ್ಜೆ ಹತ್ತಿರ ಬಂದ. “ಇನ್ನೊಂದು ಮಾತು ಉಂಟು. ಆ ಉದ್ಯೋಗ ಆ ಯುವಕನಿಗೆ ಎಂದು ಪಂದ್ಯಕ್ಕೆ ಒಂದು ವಾರ ಮೊದಲೇ ನಿಶ್ಚಯವಾಗಿತ್ತು. ಬೊಳ್ಳಪ್ಪನವರು ನನಗೆ ಹೇಳಿದ್ದರು. ನನಗೆ ತಿಳಿದಿತ್ತು.”

ಮಾಯಿಲಪ್ಪನ ಕೈ ನಿಂತಿತು. ಕಡೆಯ ವಾರ. ಮಳೆಯಲ್ಲಿ ಬಿದ್ದು ಎದ್ದು, ಬಿದ್ದು ಎದ್ದು, ‘ಬಿಡಿ, ಬಿಡಿ’ ಎಂಬ ಮಾತಿಗೆ ತಲೆಯಾಡಿಸಿದ ಆ ವಾರ. ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತು ಇವನು ‘ಎಲ್ಲ ಬಾಗಿಲುಗಳು’ ಎಂದು ಹೇಳಿದ್ದು ಆ ವಾರವೂ ಉಂಟು.

“ಹೇಳಿದ್ದರೆ ತಾವು ಆಡುತ್ತಿರಲಿಲ್ಲ,” ವಾರನ್ ಹೇಳಿದ. ಅವನ ಪುಸ್ತಕದ ಕನ್ನಡ ಈಗ ನಗು ತರಿಸುವಂತಿರಲಿಲ್ಲ. “ನನಗೆ... ಒಂದು ಪಂದ್ಯ ಗೆಲ್ಲಬೇಕಾಗಿತ್ತು. ನಾನು ಇನ್ನು ಆಡಲಾರೆ. ತಮ್ಮ ಮೂಲಕ ಆಡಿದೆ.”

ಮಾಯಿಲಪ್ಪ ಕೋವಿ ಎತ್ತಿಕೊಂಡು ಮಂದಿನ ಕಡೆ ನಡೆದ.

ಮಂದಿನಲ್ಲಿ ಊರೆಲ್ಲ ಸೇರಿತ್ತು. ಗುಂಡು ಹೊಡೆಯುವುದು ಮುಗಿದು, ಮಾಯಿಲಪ್ಪನ ದೊಡ್ಡಪ್ಪ ಅಪ್ಪಯ್ಯ, ಊರಿಗೆ ಹಿರಿಯ, ಕಾಯಿ ಹಿಡಿದು ನಿಂತಿದ್ದ. ಗಂಡಸರು ಅಂಗಿ ಬಿಚ್ಚಿ ಸುತ್ತುವರಿದರು. ಆಗ ವಾರನ್ ಮುಂದೆ ಬಂದ. “ಅಜ್ಜ, ನನಗೂ ಅವಕಾಶ ಕೊಡುವಿರಾ?”

“ಕೋಳಿ ದೊರೆಗೂ ಕಾಯಿ ಬೇಕಾ?” ಅಪ್ಪಯ್ಯ ಬೊಚ್ಚು ಬಾಯಿ ತೆರೆದು ನಕ್ಕ. “ಬಾ ಮಗ. ಮೊಟ್ಟೆ ಅಂತ ತಿಳ್ಕೊಂಡು ಮೆತ್ತಗೆ ಹಿಡಿಬೇಡ, ಆತಾ?”

ಗುಂಪು ಕೇಕೆ ಹಾಕಿತು. ಮಾಯಿಲಪ್ಪ ಅಂಗಿ ಬಿಚ್ಚಿದ. ನೋಡುವವರ ಸಾಲಿನಲ್ಲಿದ್ದ ಕಮಲ ಅವನ ಮುಖ ನೋಡಿ ಎದ್ದು ನಿಂತಳು.

ಕಾಯಿ ಗಾಳಿಯಲ್ಲಿ ತಿರುಗಿ ಬಂತು. ವಾರನ್ ಎಲ್ಲರಿಗಿಂತ ಎತ್ತರಕ್ಕೆ ಹಾರಿ ಹಿಡಿದ. ಹಿಡಿದು ಓಡಿದ, ಇಬ್ಬರನ್ನು ಕೊಡವಿದ. ಎಷ್ಟು ಚಂದ ಓಡುತ್ತಾನೆಂದು ಆ ಸಿಟ್ಟಿನ ನಡುವೆಯೂ ಮಾಯಿಲಪ್ಪನಿಗೆ ಅನಿಸಿತು. ಅನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಅಡ್ಡದಿಂದ ಹೋಗಿ, ವಾರನ್ ಕಲಿಸಿದಂತೆಯೇ ತೊಡೆಗೆ ಭುಜ ಕೊಟ್ಟು ಕೆಡವಿದ. ಉಳಿದವರು ಮೇಲೆ ಬಿದ್ದರು. ಒದ್ದೆ ಮೈಗಳ ಅಡಿಯಲ್ಲಿ ಅವನ ಮುಖವೂ ವಾರನ್ನನ ಮುಖವೂ ಎದುರುಬದುರಾದವು. ವಾರನ್ ಕಾಯಿಯನ್ನು ಬಲಗೈಯಲ್ಲಿ ಹೊಟ್ಟೆಗೆ ಒತ್ತಿಕೊಂಡಿದ್ದ. ಎಡಗೈ ಮಾಯಿಲಪ್ಪನ ಹಿಡಿತದಲ್ಲಿತ್ತು.

ಹಿಂದಕ್ಕೆ ಎಳೆದು, ಮೇಲಕ್ಕೆ ತಿರುಚಿದರೆ ಸಾಕು. ತಿರುಚುವುದಕ್ಕೆ ಆಟದಲ್ಲಿ ಅಡ್ಡಿಯಿಲ್ಲ. ಯಾರೂ ಒಂದು ಮಾತು ಆಡುವಂತಿಲ್ಲ.

ಅವನು ಕೈಯನ್ನು ಹಿಂದಕ್ಕೆ ಎಳೆದ. ಗಾಯದ ಗುರುತಿನ ಕೆಳಗೆ ಮೂಳೆ ಒಂದಿಷ್ಟು ಜರುಗಿದ್ದು ಬೆರಳಿಗೆ ತಿಳಿಯಿತು. ವಾರನ್ನನ ತುಟಿ ಸುಣ್ಣದಂತೆ ಬಿಳಿಚಿತು. ಕಾಯಿ ಬಿಡಲಿಲ್ಲ.

“ಬಿಡು” ಎಂದ ಮಾಯಿಲಪ್ಪ. ಇಷ್ಟು ದಿನಗಳಲ್ಲಿ ಅವನಿಗೆ ಆಡಿದ ಮೊದಲ ಮಾತು.

“ಇಲ್ಲ,” ವಾರನ್ ಉಸಿರಿನಲ್ಲಿ ಹೇಳಿದ. “ತಿರುಚಿ. ತಿರುಚಿಬಿಡಿ.”

ಮಾಯಿಲಪ್ಪ ಅವನ ಕಣ್ಣು ನೋಡಿದ. ಅಲ್ಲಿ ಹೆದರಿಕೆ ಇತ್ತು. ಅದರ ಹಿಂದೆ ಇನ್ನೊಂದು ಇತ್ತು: ಕಾಯುವಿಕೆ. ಈ ಮನುಷ್ಯ ತನ್ನ ಭುಜವನ್ನು ತಾನೇ ತಂದು ಮುಂದಿಟ್ಟಿದ್ದಾನೆ. ಇದು ಮುರಿದರೆ ಅವನಿಗೆ ನಿದ್ದೆ ಬರುತ್ತದೆ. ನಾನು ಮೋಸ ಮಾಡಿದೆ, ಅವನು ಕೈ ಮುರಿದ, ಸರಿಹೋಯಿತು ಎಂದುಕೊಂಡು ಹಡಗು ಹತ್ತುತ್ತಾನೆ. ಅಲ್ಲಿ ಹೋಗಿ ಗ್ಲಾಸು ಹಿಡಿದು ಇದನ್ನೂ ಕಥೆ ಮಾಡಿ ಹೇಳುತ್ತಾನೆ. ಕಾಯಿ ಕಿತ್ತುಕೊಂಡು ಗೆದ್ದರೂ ಅಷ್ಟೇ. ಒಡೆದು ಮೊದಲ ಹೋಳು ಅವನ ಕೈಯಲ್ಲಿಡಬೇಕು. ಊರ ಕಣ್ಣೆದುರು ಎಲ್ಲ ಮುಗಿದುಹೋಗಬೇಕು.

ಮುಗಿಸುವ ಮನಸ್ಸು ಮಾಯಿಲಪ್ಪನಿಗಿರಲಿಲ್ಲ.

ಅವನು ಕೈ ಬಿಟ್ಟ. ಎರಡೂ ಕೈ. ಮೇಲಿದ್ದವರನ್ನು ಬೆನ್ನಿನಿಂದ ಎತ್ತಿ ಸರಿಸಿ ಎದ್ದು ನಿಂತ. ಅವನು ಎದ್ದದ್ದು ನೋಡಿ ಉಳಿದವರೂ ಏನಾಯಿತೆಂದು ತಿಳಿಯದೆ ಒಬ್ಬೊಬ್ಬರಾಗಿ ಎದ್ದರು. ಕೆಸರಿನಲ್ಲಿ ವಾರನ್ ಒಬ್ಬನೇ ಕಾಯಿ ಅವುಚಿಕೊಂಡು ಬಿದ್ದಿದ್ದ.

ಕೇಕೆ ನಿಂತಿತು.

“ಮಾಯಿಲ,” ಅಪ್ಪಯ್ಯ ಹತ್ತಿರ ಬಂದ, “ಎಂಥದ್ದು ಇದು? ಬಿಟ್ಟದ್ದಾ?”

“ಬಿಟ್ಟದ್ದು.”

“ನಿನ್ನ ಅಪ್ಪನ ಬೆರಳು...”

“ಗೊತ್ತುಟ್ಟು ದೊಡ್ಡಪ್ಪ.”

ಅವನು ಅಂಗಿ ಎತ್ತಿ ಹೆಗಲಿಗೆ ಹಾಕಿಕೊಂಡ. ಜನ ದಾರಿ ಬಿಟ್ಟರು. ಬಿಟ್ಟುಕೊಟ್ಟವನು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರ ಮುಖದಲ್ಲೂ ಅದು ಇತ್ತು. ಇನ್ನು ಅವನ ಮಕ್ಕಳ ಕಾಲಕ್ಕೂ ಇರುತ್ತದೆ. ಅದು ಗೊತ್ತಿದ್ದೇ ಅವನು ನಡೆದ.

ಕಮಲ ಕೋವಿ ಎತ್ತಿಕೊಂಡು ಬಂದು ದಿಬ್ಬದ ಹತ್ತಿರ ಅವನನ್ನು ಸೇರಿಕೊಂಡಳು. ಜೊತೆಗೆ ಹೆಜ್ಜೆ ಹಾಕುತ್ತಾ, “ಕೈ ಮುರೀತೀರಿ ಅಂತ ಹೆದರಿದ್ದೆ” ಎಂದಳು.

“ಮುರಿದ್ರೆ ಅವನಿಗೆ ಸುಖ.”

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಸೋಮವಾರ ಆ ಹುಡುಗ ಬಂಗಲೆಗೆ ಬರ್ತಾನಂತೆ. ತೋಟ ತೋರಿಸಿ, ಕೆಲಸ ಕಲಿಸಿಕೊಡಬೇಕು ಅಂತ ಸಾಹೇಬ್ರು ಹೇಳಿ ಕಳಿಸಿದ್ರು.”

ಮಾಯಿಲಪ್ಪ ಸೊಂಟದಿಂದ ಬಂಗಲೆಯ ಬೀಗದ ಕೈ ಬಿಚ್ಚಿ ಅವಳ ಅಂಗೈಯಲ್ಲಿಟ್ಟ. “ಇದನ್ನ ಗಂಗಣ್ಣನ ಕೈಲಿ ಕ್ಲಬ್ಬಿನಲ್ಲಿ ಸಾಹೇಬ್ರಿಗೆ ಕೊಡಿಸು. ನಾನು ರೈಟರ್. ಸೋಮವಾರದಿಂದ ಬರೀತೇನೆ. ಮರಗಸಿ, ಸ್ಪ್ರೇ, ಲೈನಿನ ಜಗಳ, ಪಿಕ್ಕಿಂಗು, ಒಂದೂ ನನ್ನ ಕೆಲಸ ಅಲ್ಲ. ಕೇಳಿದ್ರೆ ನನಗೆ ರಗ್ಬಿ ಬರೋದಿಲ್ಲ ಅಂತ ಹೇಳ್ತೇನೆ.”

“ಕೆಲಸದಿಂದ ತೆಗೆದ್ರೆ?”

“ತೆಗೀಲಿ. ಅವ್ರು ಬಾಯಿಬಿಟ್ಟು ಹೇಳ್ಬೇಕು. ನಾನಾಗಿ ಹೋಗೋನಲ್ಲ.”

ದಿಬ್ಬದ ಮೇಲಿನಿಂದ ಮಂದು ಪೂರ್ತಿ ಕಾಣುತ್ತಿತ್ತು. ವಾರನ್ ಎದ್ದು ನಿಂತಿದ್ದ. ಎಡಗೈಯನ್ನು ಮೈಗೆ ಒತ್ತಿಕೊಂಡು, ಬಲಗೈಯಲ್ಲಿ ಕಾಯಿ ಹಿಡಿದು, ಸುತ್ತಲೂ ನೋಡುತ್ತಿದ್ದ. ಅಪ್ಪಯ್ಯ ಕತ್ತಿ ಮುಂದೆ ಚಾಚಿ ಏನೋ ಹೇಳುತ್ತಿದ್ದ, ಒಡೆ ಎಂದಿರಬೇಕು. ವಾರನ್ ಆಗದೆಂದು ತಲೆಯಾಡಿಸುತ್ತಿದ್ದ. ಒಡೆದರೆ ಮೊದಲ ಹೋಳು ಕೊಡಲು ಎದುರಿಗೆ ಒಬ್ಬ ಬೇಕಲ್ಲ. ಆಮೇಲೆ ಅವನು ದಿಬ್ಬದ ಕಡೆ ಮುಖ ಎತ್ತಿ, ಪುಸ್ತಕದ ಕನ್ನಡದಲ್ಲಿ ಏನನ್ನೋ ಗಟ್ಟಿಯಾಗಿ ಕೂಗಿದ.

“ನಿಮ್ಮನ್ನೇ ಕರೀತಾ ಉಟ್ಟು” ಎಂದಳು ಕಮಲ.

ಮಾಯಿಲಪ್ಪ ಅಂಗಿಯ ತೋಳಿಗೆ ಕೈ ತೂರಿಸಿ, ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು ಮನೆಯ ದಾರಿ ಹಿಡಿದ.